ಆರು ಫ್ಯಾನ್ ಇದ್ದರೂ ಪಿಸಿ ಯಾಕೆ ಬಿಸಿಯಾಗುತ್ತದೆ?

ಪ್ರಶ್ನೆ: ನನ್ನ ಕ್ಯಾಬಿನೆಟ್‌ನಲ್ಲಿ 120 ಮಿ.ಮೀ.ನ ಆರು ಫ್ಯಾನ್‌ಗಳಿವೆ. ಮುಂದೆ ಮೂರು, ಮೇಲೆ ಎರಡು, ಹಿಂದೆ ಒಂದು. ಆದರೂ ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿ ಮುಟ್ಟುತ್ತದೆ. ಇನ್ನೂ ಫ್ಯಾನ್ ಹಾಕಿಸಬೇಕೇ?

ಉತ್ತರ: ಬೇಡ. ಇರುವ ಆರಕ್ಕೆ ಗಾಳಿ ಸಿಗುತ್ತಿದೆಯೇ ಎಂದು ಮೊದಲು ನೋಡಿ. 15 ನಿಮಿಷ ಗೇಮ್ ಓಡಿಸಿ ತಾಪಮಾನ ಬರೆದುಕೊಳ್ಳಿ. ಮುಂದಿನ ಪ್ಯಾನೆಲ್ ಬಿಚ್ಚಿಟ್ಟು, ಅದೇ ಗೇಮನ್ನು ಅಷ್ಟೇ ಹೊತ್ತು ಮತ್ತೆ ಓಡಿಸಿ. ಕೋಣೆಯ ಎಸಿ ಅಥವಾ ಫ್ಯಾನ್ ಎರಡೂ ಸಲ ಒಂದೇ ರೀತಿ ಇರಲಿ. ಐದಾರು ಡಿಗ್ರಿ ಇಳಿಯಿತೆಂದರೆ ಗಾಳಿಗೆ ಅಡ್ಡವಾಗಿರುವುದು ಆ ಪ್ಯಾನೆಲ್ ಅಥವಾ ಅದರ ಫಿಲ್ಟರ್. ಫಿಲ್ಟರಾದರೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಮುಂಭಾಗವೇ ಮುಚ್ಚಿದ ಗಾಜಾಗಿದ್ದರೆ ಹೊಸ ಫ್ಯಾನಿನ ಹಣವನ್ನು ಜಾಲರಿ ಮುಖದ ಕ್ಯಾಬಿನೆಟ್‌ಗೆ ಎತ್ತಿಡಿ.

ತಾಪ ಇಳಿಯಲಿಲ್ಲವೇ? ಹಾಗಾದರೆ ಫ್ಯಾನ್‌ಗಳು ಯಾವುದರ ಬಿಸಿ ನೋಡಿ ಓಡುತ್ತಿವೆ ಎಂಬುದನ್ನು ಪರೀಕ್ಷಿಸಿ. ಬಹುತೇಕರು ಗಮನಿಸದ ಕಾರಣ ಇದೇ. ಮದರ್‌ಬೋರ್ಡ್ ಸಾಮಾನ್ಯವಾಗಿ ಕ್ಯಾಬಿನೆಟ್ ಫ್ಯಾನ್‌ಗಳನ್ನು ಪ್ರೊಸೆಸರ್ ಅಥವಾ ಬೋರ್ಡಿನ ತಾಪಕ್ಕೆ ಜೋಡಿಸಿರುತ್ತದೆ. ಗೇಮ್‌ನಲ್ಲಿ ಬೇಯುವುದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ತಣ್ಣಗಿದ್ದರೆ ಫ್ಯಾನ್‌ಗಳೂ ನಿಧಾನವಾಗಿಯೇ ತಿರುಗುತ್ತಿರುತ್ತವೆ. ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಅವುಗಳ ಕನಿಷ್ಠ ವೇಗವನ್ನು ಶೇ. 50–60ಕ್ಕೆ ಏರಿಸಿ. ವಿಂಡೋಸ್‌ನಲ್ಲಾದರೆ ಉಚಿತವಾಗಿ ಸಿಗುವ ಫ್ಯಾನ್‌ಕಂಟ್ರೋಲ್ ತಂತ್ರಾಂಶದಿಂದ ಗ್ರಾಫಿಕ್ಸ್ ಕಾರ್ಡಿನ ತಾಪಕ್ಕೇ ಜೋಡಿಸಬಹುದು. ಅದು ಇನ್ನೂ ಒಳ್ಳೆಯದು.

ದಿಕ್ಕನ್ನೂ ನೋಡಿಬಿಡಿ. ಮೋಟಾರನ್ನು ಹಿಡಿದಿರುವ ಕಡ್ಡಿಗಳು ಇರುವ ಬದಿಯಿಂದ ಗಾಳಿ ಹೊರಬೀಳುತ್ತದೆ. ರಿವರ್ಸ್ ಬ್ಲೇಡ್ ಫ್ಯಾನ್‌ಗಳಲ್ಲಿ ಮಾತ್ರ ಇದು ಉಲ್ಟಾ. ಮುಂದಿನವು ಒಳಗೆಳೆಯಬೇಕು, ಹಿಂದಿನದು ಮತ್ತು ಮೇಲಿನವು ಹೊರಗೆ ತಳ್ಳಬೇಕು. ಮೇಲೆ ರೇಡಿಯೇಟರ್ (ಲಿಕ್ವಿಡ್ ಕೂಲರಿನ ಬಿಸಿ ಹೊರಹಾಕುವ ಭಾಗ) ಇಲ್ಲದಿದ್ದರೆ, ಅಲ್ಲಿನ ಎರಡರಲ್ಲಿ ಮುಂಬದಿಯದನ್ನು ತೆಗೆಯುವುದೇ ಲೇಸು. ಒಳಬಂದ ತಂಪು ಗಾಳಿ ಪ್ರೊಸೆಸರ್ ಕೂಲರನ್ನು ತಲುಪುವ ಮುನ್ನವೇ ಅದು ಹೀರಿ ಹೊರಹಾಕುತ್ತದೆ. ತೆಗೆದ ಫ್ಯಾನನ್ನು, ಕಿಂಡಿಯಿದ್ದರೆ, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಮೇಲ್ಮುಖವಾಗಿ ಗಾಳಿ ಊದುವಂತೆ ಕೂರಿಸಿ. ಹೊರಹೋಗುವುದಕ್ಕಿಂತ ಒಳಬರುವ ಗಾಳಿ ತುಸು ಹೆಚ್ಚಿದ್ದರೆ ಫಿಲ್ಟರ್ ಇಲ್ಲದ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆ.

ಒಂದೇ ಕಡೆಯಿಂದ ಹಲವು ಫ್ಯಾನ್‌ಗಳಿಗೆ ಕರೆಂಟ್ ಹಂಚುವ ಸ್ಪ್ಲಿಟರ್ ಬಳಸುವಾಗ ಎಚ್ಚರ: ಮದರ್‌ಬೋರ್ಡಿನ ಒಂದು ಫ್ಯಾನ್ ಹೆಡರ್ (ಫ್ಯಾನಿನ ವೈರ್ ಸಿಕ್ಕಿಸುವ ಪಿನ್‌ಗಳು) ಸಾಮಾನ್ಯವಾಗಿ 1 ಆಂಪಿಯರ್‌ಗಷ್ಟೇ. ಲೇಬಲ್‌ನಲ್ಲಿ 0.25 ಎಂದಿರುವ ಮೂರು ಫ್ಯಾನ್ ಹಾಕಿದರೆ 0.75, ಅಡ್ಡಿಯಿಲ್ಲ. ಆರನ್ನೂ ಹಾಕಿದರೆ 1.5 ಆಗಿ ಹೆಡರ್ ಸುಡಬಹುದು. ಅಷ್ಟಕ್ಕೆ ಪವರ್ ಸಪ್ಲೈನಿಂದ ನೇರವಾಗಿ ಕರೆಂಟ್ ಪಡೆಯುವ ಸಾಟಾ ಹಬ್ ಬೇಕು.