ನಂಬರ್ ಪೋರ್ಟ್ ಮಾಡಿದರೆ ಡೌನ್‌ಲೋಡ್ ಮಾಡಿದ ಹಾಡುಗಳು ಉಳಿಯುತ್ತವೆಯೇ?

ಪ್ರಶ್ನೆ: ಈಗಿರುವ ಮೊಬೈಲ್ ಪ್ಲಾನ್‌ನಲ್ಲಿ ಎಷ್ಟು ಬೇಕಾದರೂ ಹಾಡು ಡೌನ್‌ಲೋಡ್ ಮಾಡಿಕೊಳ್ಳಬಹುದು. ಇನ್ನೊಂದು ಕಂಪನಿಯವರೂ ಅದನ್ನೇ ಕೊಡುತ್ತೇವೆ ಅನ್ನುತ್ತಾರೆ. ಯಾವುದು ಮೇಲು ಎಂದು ನೋಡುವುದು ಹೇಗೆ? ಪೋರ್ಟ್ ಮಾಡಿದರೆ ಈಗಾಗಲೇ ಇಳಿಸಿಕೊಂಡ ಹಾಡುಗಳ ಗತಿ ಏನು?

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರು ಮಾಡೋಣ, ಮೊದಲನೆಯದಕ್ಕೆ ಅರ್ಧ ಉತ್ತರ ಅದರೊಳಗೇ ಸಿಗುತ್ತದೆ. ಸಾಮಾನ್ಯವಾಗಿ ಉಳಿಯುವುದಿಲ್ಲ. ಪ್ಲಾನ್ ಜೊತೆ ಬರುವ ಆ್ಯಪ್ ಹಾಡನ್ನು ಫೋನಿಗೆ ಇಳಿಸುವುದು ನಿಜ, ಆದರೆ ಎನ್‌ಕ್ರಿಪ್ಟ್ ಮಾಡಿ, ಅಂದರೆ ಬೇರೆ ಆ್ಯಪ್ ಓದಲಾಗದಂತೆ ಬೀಗ ಹಾಕಿ, ತನ್ನ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತದೆ. ಅದನ್ನು ಬಿಚ್ಚುವ ಕೀ ನಿಮ್ಮ ಚಂದಾಕ್ಕೆ ಅಂಟಿಕೊಂಡಿರುತ್ತದೆ, ಚಂದಾ ಆ ಕಂಪನಿಯ ಪ್ಲಾನ್‌ಗೆ. ಚಂದಾ ನಿಂತ ಮೇಲೆ ಫೈಲ್ ಫೋನಿನಲ್ಲೇ ಇದ್ದರೂ ಪ್ಲೇ ಆಗುವುದಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಹುಡುಕಿ ತೆಗೆದು ಬೇರೆ ಪ್ಲೇಯರ್‌ಗೆ ಕೊಟ್ಟರೂ ಅಷ್ಟೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರಂತೂ ಫೈಲ್‌ಗಳೂ ಅದರ ಜೊತೆಗೇ ಹೋಗುತ್ತವೆ.

ಒಂದೊಂದೇ ಹಾಡನ್ನು ದುಡ್ಡು ಕೊಟ್ಟು ಕೊಂಡು, ಬೀಗವಿಲ್ಲದ ಎಂಪಿ3 ಅಥವಾ ಎಎಸಿ ಫೈಲ್ ಪಡೆದಿದ್ದರೆ ಮಾತು ಬೇರೆ. ಆ್ಯಪಲ್ 2007ರಲ್ಲಿ ಶುರು ಮಾಡಿ 2009ರ ಹೊತ್ತಿಗೆ ತನ್ನ ಐಟ್ಯೂನ್ಸ್ ಅಂಗಡಿಯ ಎಲ್ಲ ಹಾಡುಗಳ ಬೀಗ ತೆಗೆದು 256 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಗುಣಮಟ್ಟದ ಅಳತೆ) ಎಎಸಿ ಫೈಲ್‌ಗಳನ್ನು ಮಾರತೊಡಗಿತು. ಅಂಥ ಫೈಲನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟರೆ ಸಿಮ್ ಯಾವುದಾದರೇನು, ಹಾಡು ನಿಮ್ಮದೇ. ಮೊಬೈಲ್ ಕಂಪನಿಗಳು ಪ್ಲಾನ್ ಜೊತೆ ಕೊಡುವುದು ಇದನ್ನಲ್ಲ. ಅಲ್ಲಿ ಸಿಗುವುದು ಬಾಡಿಗೆ. ಬಾಡಿಗೆ ಕೆಟ್ಟದ್ದೇನಲ್ಲ, ಷರತ್ತು ತಿಳಿದಿರಬೇಕು ಅಷ್ಟೆ.

ಹಾಗಾಗಿ ಎರಡು ಸೇವೆಗಳನ್ನು ಹೋಲಿಸುವಾಗ ‘ಇಷ್ಟು ಕೋಟಿ ಹಾಡು’ ಎಂಬ ಜಾಹೀರಾತನ್ನು ಬದಿಗಿಡಿ. ನೀವು ನಿಜವಾಗಿ ಕೇಳುವ ಇಪ್ಪತ್ತು ಹಾಡುಗಳನ್ನು ಎರಡೂ ಕಡೆ ಹುಡುಕಿದರೆ ಆ ಲೆಕ್ಕ ಮುಗಿಯಿತು. ಆಮೇಲೆ ಷರತ್ತುಗಳನ್ನು ತೆರೆದು, ಇಂಟರ್ನೆಟ್ ಇಲ್ಲದೆ ಎಷ್ಟು ದಿನ ಕೇಳಬಹುದು, ಎಷ್ಟು ಫೋನ್‌ಗಳಲ್ಲಿ ಇಳಿಸಬಹುದು ಎಂದು ನೋಡಿ. ಅಳತೆಗೋಲಿಗೆ ಸ್ಪಾಟಿಫೈ ಎಂಬ ಹಾಡಿನ ಆ್ಯಪಿನ, ಡೌನ್‌ಲೋಡ್ ಸೌಲಭ್ಯವಿರುವ ಪ್ರೀಮಿಯಂ ಚಂದಾ ಇದೆ: ಐದು ಸಾಧನಗಳವರೆಗೆ, ಒಂದೊಂದರಲ್ಲಿ 10,000 ಹಾಡು, 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬರಬೇಕು. ಬಂದಾಗ ಆ್ಯಪ್ ಪರವಾನಗಿಯನ್ನು ಹೊಸದು ಮಾಡಿಕೊಳ್ಳುತ್ತದೆ. ಇಳಿಸಿದ ಹಾಡು ಪ್ರಯಾಣದ ನಡುವೆ ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿ ನಿಂತರೆ ಈ ಗಡುವು ಕಾರಣವಿರಬಹುದು. ಹೊರಡುವ ಮುಂಚೆ ಆ್ಯಪ್ ಒಮ್ಮೆ ತೆರೆದು, ಏರೋಪ್ಲೇನ್ ಮೋಡ್ ಹಾಕಿ, ಎರಡು ಮೂರು ಹಾಡು ನುಡಿಸಿ ನೋಡಿ.

ಗುಣಮಟ್ಟದ ಲೆಕ್ಕ ಸುಲಭ. 320 ಕೆಬಿಪಿಎಸ್ ಅಂದರೆ ನಿಮಿಷಕ್ಕೆ 2.4 ಎಂಬಿ, ನಾಲ್ಕು ನಿಮಿಷದ ಹಾಡಿಗೆ ಹತ್ತಿರ ಹತ್ತಿರ 10 ಎಂಬಿ. 128ರಲ್ಲಿ ಅದೇ ಹಾಡು 4 ಎಂಬಿಯೊಳಗೆ ಮುಗಿಯುತ್ತದೆ. ಹಲವು ಆ್ಯಪ್‌ಗಳಲ್ಲಿ ಸ್ಟ್ರೀಮಿಂಗ್ ಗುಣಮಟ್ಟ, ಡೌನ್‌ಲೋಡ್ ಗುಣಮಟ್ಟ ಬೇರೆ ಬೇರೆ ಸೆಟ್ಟಿಂಗ್. ಒಂದನ್ನು ಏರಿಸಿ ಇನ್ನೊಂದನ್ನು ಮರೆತು ‘ಇವರ ಹಾಡು ಚೆನ್ನಾಗಿ ಕೇಳಿಸಲ್ಲ’ ಎಂದು ತೀರ್ಮಾನಿಸಬೇಡಿ.

ಹೆಚ್ಚು ಎಡವುವುದು ‘ಡೇಟಾ ಕಟ್ ಆಗಲ್ಲ’ ಎಂಬ ಭರವಸೆಯಲ್ಲಿ, ಅಂದರೆ ಹಾಡು ಕೇಳಿದ್ದು ಪ್ಲಾನ್‌ನ ಡೇಟಾ ಲೆಕ್ಕಕ್ಕೆ ಬರುವುದಿಲ್ಲ ಎಂಬುದರಲ್ಲಿ. ಭಾರತದಲ್ಲಿ ಒಂದು ಆ್ಯಪಿಗೆ ಮಾತ್ರ ಹೀಗೆ ವಿನಾಯಿತಿ ಕೊಡುವುದನ್ನು 2016ರಲ್ಲೇ ನಿಷೇಧಿಸಲಾಗಿದೆ; ಬೇರೆ ಕೆಲವು ದೇಶಗಳಲ್ಲಿ ಅದು ಸಿಗುತ್ತದೆ. ಹಾಡಿಗೆ ವಿನಾಯಿತಿ ಇದ್ದರೂ ವಿಡಿಯೊ, ಜಾಹೀರಾತು, ಆಲ್ಬಂ ಚಿತ್ರಗಳಿಗೆ ಇಲ್ಲದಿರಬಹುದು. ಕೆಲವೆಡೆ ಸ್ಟ್ರೀಮಿಂಗ್‌ಗೆ ಮಾತ್ರ, ಡೌನ್‌ಲೋಡ್‌ಗಿಲ್ಲ. ವಿಪಿಎನ್ (ಡೇಟಾವನ್ನು ಮರೆಮಾಡಿ ಬೇರೆ ಸರ್ವರ್ ಮೂಲಕ ಕಳಿಸುವ ಸೇವೆ) ಹಾಕಿದ್ದರೆ ಯಾವ ಆ್ಯಪಿನ ಡೇಟಾ ಎಂದು ಕಂಪನಿಗೆ ಗುರುತು ಸಿಗದೆ ಎಲ್ಲವೂ ಕಟ್ ಆಗುತ್ತದೆ. ರೋಮಿಂಗ್‌ನಲ್ಲೂ ವಿನಾಯಿತಿ ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬೇಡಿ.

ಪರೀಕ್ಷಿಸುವುದಕ್ಕೆ ಅರ್ಧ ಗಂಟೆ ಸಾಕು. ವೈ-ಫೈ, ವಿಪಿಎನ್ ಎರಡನ್ನೂ ಆಫ್ ಮಾಡಿ. ಬೇರೆ ಆ್ಯಪ್‌ಗಳ ಬ್ಯಾಕ್‌ಗ್ರೌಂಡ್ ಡೇಟಾ ನಿಲ್ಲಿಸಿ, ಉಳಿದ ಡೇಟಾ ಎಷ್ಟೆಂದು ಕಂಪನಿಯ ಆ್ಯಪಿನಲ್ಲಿ ನೋಡಿ ಬರೆದಿಡಿ. ಹಿಂದೆ ಕೇಳಿರದ ಹಾಡುಗಳನ್ನು 320ರಲ್ಲಿ 30 ನಿಮಿಷ ಸ್ಟ್ರೀಮ್ ಮಾಡಿ. (ಕೇಳಿದ್ದವು ಕ್ಯಾಶ್‌ನಿಂದ, ಅಂದರೆ ಫೋನಿನಲ್ಲಿ ತಾತ್ಕಾಲಿಕವಾಗಿ ಉಳಿದ ನಕಲಿನಿಂದಲೇ, ಬರುವುದರಿಂದ ಲೆಕ್ಕ ತಪ್ಪುತ್ತದೆ.) ಬ್ಯಾಲೆನ್ಸ್ ಅಪ್‌ಡೇಟ್ ಆಗಲು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. 72 ಎಂಬಿ ಆಸುಪಾಸು ಇಳಿದಿದ್ದರೆ ವಿನಾಯಿತಿ ಇಲ್ಲ. ಕೆಲವೇ ಎಂಬಿ ಇಳಿದಿದ್ದರೆ ಅದು ಚಿತ್ರ, ಜಾಹೀರಾತಿನ ಬಾಬ್ತು. ಫೋನ್ ಸೆಟ್ಟಿಂಗ್ಸ್‌ನ ಲೆಕ್ಕವನ್ನು ಇದಕ್ಕೆ ನಂಬಬೇಡಿ, ಅದು ಉಚಿತದ್ದನ್ನೂ ಸೇರಿಸಿ ಎಣಿಸುತ್ತದೆ. ಡೌನ್‌ಲೋಡ್‌ಗೂ ಇದೇ ಪರೀಕ್ಷೆಯನ್ನು ಬೇರೆಯಾಗಿ ಮಾಡಬೇಕು.

ಹಣದ ವಿಷಯದಲ್ಲಿ ಎರಡೇ ಎಚ್ಚರಿಕೆ. ಅದೇ ಆ್ಯಪಿಗೆ ನೀವು ಮೊದಲೇ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಮೂಲಕ ಚಂದಾ ಕಟ್ಟುತ್ತಿದ್ದರೆ, ಪ್ಲಾನ್‌ನ ಉಚಿತ ಚಂದಾ ಬಂದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಸ್ಟೋರ್‌ಗೇ ಹೋಗಿ ರದ್ದು ಮಾಡಬೇಕು. ಕಾಲರ್ ಟ್ಯೂನ್‌ಗೂ ಡೌನ್‌ಲೋಡ್‌ಗೂ ಸಂಬಂಧವಿಲ್ಲ: ಆ ಹಾಡು ಕಂಪನಿಯ ಸರ್ವರ್‌ನಲ್ಲಿದ್ದು, ನಿಮಗೆ ಕರೆ ಮಾಡಿದವರಿಗೆ ಮಾತ್ರ ಕೇಳಿಸುತ್ತದೆ. ಅದಕ್ಕೆ ಬೇರೆ ಶುಲ್ಕವಿದೆಯೇ, ತಾನಾಗಿ ನವೀಕರಣವಾಗುತ್ತದೆಯೇ ನೋಡಿಕೊಳ್ಳಿ.

ನಮ್ಮ ಅಭಿಪ್ರಾಯ ಕೇಳಿದರೆ, ಕಂಪನಿಯ ಸ್ವಂತ ಆ್ಯಪಿಗಿಂತ ಬೇರೆಡೆಯೂ ಚಂದಾ ಕಟ್ಟಿ ಬಳಸಬಹುದಾದ ಸೇವೆಯನ್ನು ಕೊಡುವ ಪ್ಲಾನ್ ಮೇಲು. ಕಂಪನಿಯ ಆ್ಯಪ್ ನಿಂತೇ ಹೋಗಬಹುದು: ಏರ್‌ಟೆಲ್ 2014ರಲ್ಲಿ ತಂದ ವಿಂಕ್ ಮ್ಯೂಸಿಕ್ ಆ್ಯಪನ್ನು ಮುಚ್ಚುವುದಾಗಿ 2024ರಲ್ಲಿ ಪ್ರಕಟಿಸಿತು. ಸ್ವತಂತ್ರ ಸೇವೆಯಾದರೆ ಪೋರ್ಟ್ ಆದ ಮೇಲೂ ಅದೇ ಖಾತೆಗೆ ಚಂದಾ ಕಟ್ಟಿ ಪ್ಲೇಲಿಸ್ಟ್‌ಗಳನ್ನು ಮುಂದುವರಿಸಬಹುದು. ಅದಕ್ಕಾಗಿ ಪೋರ್ಟ್‌ಗೆ ಮುಂಚೆಯೇ ಖಾತೆಗೆ ಇಮೇಲ್ ಮತ್ತು ಪಾಸ್‌ವರ್ಡ್ ಸೇರಿಸಿ, ಲಾಗ್‌ಔಟ್ ಮಾಡಿ ಅದರಿಂದಲೇ ಒಳಹೋಗಲು ಆಗುತ್ತದೆಯೇ ಪರೀಕ್ಷಿಸಿ. ಲಾಗ್‌ಔಟ್ ಆದರೆ ಇಳಿಸಿದ ಹಾಡುಗಳು ಅಳಿಸಿಹೋಗಬಹುದು, ಆದ್ದರಿಂದ ಈ ಕೆಲಸವನ್ನು ವೈ-ಫೈ ಇರುವಾಗ ಮಾಡಿ.