ಚಹಾ ಎಲೆ ಹುದುಗುವುದಿಲ್ಲ: ಕಿಣ್ವ ಬೇರೆ, ಕಿಣ್ವನ ಬೇರೆ

‘ಕಪ್ಪು ಚಹಾ ಹುದುಗು ಬಂದ ಎಲೆಯದು, ಹಾಗಾಗಿ ಮೊಸರಿನಂತೆ ಹೊಟ್ಟೆಗೆ ಹಿತ.’ ಇಂಥ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಬೇರೆಯವರು ಬರೆದರೆ ಬಿಡಬಹುದು. ಕಾಫಿ ಬೆಳೆಯುವ ಕೊಡಗಿನವರೂ ಹಾಗೇ ಬರೆದರೆ ಏನು ಹೇಳುವುದು? ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಇಳಿದ ಅರೇಬಿಕಾ ಕಾಫಿ ಬೀಜ ತೊಟ್ಟಿಯಲ್ಲಿ 24ರಿಂದ 36 ಗಂಟೆ ಕೂತು, ಹುಳಿ ವಾಸನೆ ಎದ್ದು, ಲೋಳೆ ಬಿಟ್ಟು, ಮುಷ್ಟಿಯಲ್ಲಿ ಉಜ್ಜಿದರೆ ಗರಗರ ಎನ್ನುತ್ತದಲ್ಲ, ಅದು ಹುದುಗುವಿಕೆ. ಅಲ್ಲಿ ಸೂಕ್ಷ್ಮಜೀವಿಗಳ ಕೆಲಸವಿದೆ. ಚಹಾ ಎಲೆ ಕೆಂಪಾಗುವುದಕ್ಕೆ ಅವು ಬೇಕಿಲ್ಲ.

ಗೊಂದಲದ ಬೇರು ಪದದಲ್ಲೇ ಇದೆ. ಸಂಸ್ಕೃತದ ‘ಕಿಣ್ವ’ ಎಂದರೆ ಮದ್ಯಕ್ಕೆ ಹಾಕುವ ಹುದುಗು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ (ಮದ್ಯದ ಅಧಿಕಾರಿ) ಪ್ರಕರಣದಲ್ಲಿ ಅದನ್ನು ಕಟ್ಟುವ ಕ್ರಮವಿದೆ: ಉದ್ದಿನ ಹಿಟ್ಟು, ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಕ್ಕಿ, ಜೊತೆಗೆ ಮೂಲಿಕೆಗಳು. ಬಹುತೇಕ ದೋಸೆ ಹಿಟ್ಟೇ ಅನ್ನಿ. ಇತ್ತ ಜೀವಕೋಶದ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನಿಗೆ ‘ಎಂಜೈಮ್’ ಎಂಬ ಹೆಸರನ್ನು 1870ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಕ್ಯೂನೆ ಗ್ರೀಕಿನಿಂದ ಕಟ್ಟಿದ. ಅದರ ಅರ್ಥ ‘ಯೀಸ್ಟಿನೊಳಗಿನದು’. ನಮ್ಮ ಪಠ್ಯಪುಸ್ತಕಗಳು ಎಂಜೈಮಿಗೆ ‘ಕಿಣ್ವ’, ಹುದುಗುವಿಕೆಗೆ ‘ಕಿಣ್ವನ’ ಎಂದವು. ಕಿಣ್ವ ಇದ್ದಲ್ಲೆಲ್ಲ ಕಿಣ್ವನ ನಡೆಯುತ್ತದೆ ಎಂದು ಓದುಗ ನಂಬಿದರೆ ಆತನನ್ನು ದೂರುವುದು ಕಷ್ಟ. ಚಹಾ ಕಾರ್ಖಾನೆಗಳವರೂ ಈ ಹಂತವನ್ನು ‘ಫರ್ಮೆಂಟೇಶನ್’ ಎಂದೇ ಕರೆದುಕೊಂಡು ಬಂದಿದ್ದಾರೆ. ನಿಜಕ್ಕೂ ಅದು ಉತ್ಕರ್ಷಣ, ಅಂದರೆ ಆಮ್ಲಜನಕದೊಂದಿಗೆ ನಡೆಯುವ ಕ್ರಿಯೆ (ಆಕ್ಸಿಡೇಶನ್).

ಎಲೆಯ ಜೀವಕೋಶದಲ್ಲಿ ಒಗರು ರುಚಿಯ ಕ್ಯಾಟೆಚಿನ್‌ಗಳು ರಸ ತುಂಬಿದ ಚೀಲದಂಥ ರಸಕೋಶದೊಳಗೆ, ತಾಮ್ರ ಹೊತ್ತ ಪಾಲಿಫಿನಾಲ್ ಆಕ್ಸಿಡೇಸ್ ಕಿಣ್ವ ಹಸಿರು ಬಣ್ಣದ ಹರಿತ್ತುಕಣದೊಳಗೆ. ರೋಲರ್ ಅಥವಾ ಸಿಟಿಸಿ (ಜಜ್ಜಿ, ಹರಿದು, ಸುರುಳಿ ಮಾಡುವ) ಯಂತ್ರ ಎಲೆಯನ್ನು ಜಜ್ಜಿದಾಗ ಎರಡೂ ಕೂಡಿ, ಗಾಳಿಯ ಆಮ್ಲಜನಕ ಸಿಕ್ಕಿ, ಕ್ಯಾಟೆಚಿನ್ ಕ್ವಿನೋನ್ ಎಂಬ ಚುರುಕಾದ ರೂಪಕ್ಕೆ ತಿರುಗುತ್ತದೆ. ಎಪಿಕ್ಯಾಟೆಚಿನ್ ಬಗೆಯದೊಂದು, ಎಪಿಗ್ಯಾಲೋಕ್ಯಾಟೆಚಿನ್ ಬಗೆಯದೊಂದು ಜೋಡಿಯಾದರೆ ಕಿತ್ತಳೆಗೆಂಪಿನ ಥಿಯಾಫ್ಲೇವಿನ್. ಒಂದೇ ಬಗೆಯವು ಎಷ್ಟಿದ್ದರೂ ಅದು ಹುಟ್ಟದು. ಒಣ ಚಹಾದಲ್ಲಿ ಇದು ಹೆಚ್ಚೆಂದರೆ ಶೇ. 2ರ ಆಸುಪಾಸು; ಉಳಿದ ಕಂದು ಬಣ್ಣದ ದೊಡ್ಡ ಪಾಲು ಇನ್ನೊಂದು ಬಣ್ಣದ ಗುಂಪಾದ ಥಿಯಾರುಬಿಜಿನ್‌ಗಳದು. ಹೊತ್ತು ಮೀರಿದರೆ ಥಿಯಾಫ್ಲೇವಿನ್ ತಾನೇ ಉತ್ಕರ್ಷಣಗೊಂಡು ಕಡಿಮೆಯಾಗುತ್ತಾ ಬರುತ್ತದೆ, ಡಿಕಾಕ್ಷನ್ ಮಂಕಾಗುತ್ತದೆ. ಡ್ರೈಯರಿನ ಬಿಸಿ ಸಕಾಲಕ್ಕೆ ಕಿಣ್ವವನ್ನು ಕೊಲ್ಲಬೇಕಾದದ್ದು ಇದಕ್ಕೇ.

ಕಿಣ್ವ ಚಹಾ ಗಿಡದ್ದೇ ಆಗಬೇಕೆಂದಿಲ್ಲ. ಪೇರ್ ಹಣ್ಣು, ಬಾಳೆ, ಲೋಕಾಟ್‌ಗಳ ಕಿಣ್ವದಿಂದ ಪ್ರಯೋಗಾಲಯಗಳಲ್ಲಿ ಥಿಯಾಫ್ಲೇವಿನ್ ತಯಾರಿಸಿದ್ದಾರೆ. ಅಡುಗೆಮನೆಯಲ್ಲೂ ನೋಡಬಹುದು. 2 ಗ್ರಾಂ ಗ್ರೀನ್ ಟೀಯನ್ನು 100 ಮಿ.ಲೀ. ಬಿಸಿನೀರಿನಲ್ಲಿ 5 ನಿಮಿಷ ನೆನೆಸಿ ಸೋಸಿ. ಗ್ರೀನ್ ಟೀಯ ಸ್ವಂತ ಕಿಣ್ವ ಕಾರ್ಖಾನೆಯಲ್ಲೇ ಸತ್ತಿರುತ್ತದೆ, ಕ್ಯಾಟೆಚಿನ್ ಉಳಿದಿರುತ್ತದೆ. ಪೂರ್ತಿ ಆರಿದ ಮೇಲೆಯೇ, ಆಗಷ್ಟೇ ತುರಿದು ಹಿಂಡಿದ ಪೇರ್ ರಸ ಎರಡು ಚಮಚ ಬೆರೆಸಿ, ಅಗಲ ಪಾತ್ರೆಯಲ್ಲಿ ಆಗಾಗ ಕಲಕಿ. ಅರ್ಧ–ಮುಕ್ಕಾಲು ಗಂಟೆಯಲ್ಲಿ ಬಣ್ಣ ಕೆಂಪಿನತ್ತ ತಿರುಗಬೇಕು. ಪೇರ್ ರಸ ತಾನೇ ಕಂದಾಗುವುದರಿಂದ, ಅಷ್ಟೇ ರಸವನ್ನು ಬರೀ ನೀರಿಗೆ ಹಾಕಿ ಪಕ್ಕದಲ್ಲಿಟ್ಟು ಹೋಲಿಸಿ. ಬಿಸಿಯಿರುವಾಗಲೇ ಸುರಿದರೆ ಕಿಣ್ವ ಸಾಯುತ್ತದೆ. ನಿಂಬೆ ಹಿಂಡಿದರೆ ಹುಳಿಗೆ ಕೆಲಸ ನಿಲ್ಲಿಸುತ್ತದೆ, ಹೆಚ್ಚಿದ ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕುವುದೂ ಅದಕ್ಕೇ.

ಇನ್ನು ನಿಜಕ್ಕೂ ಹುದುಗುವ ಚಹಾ ಬೇಕೇ? ಚೀನಾದ ಯುನ್ನಾನಿನಲ್ಲಿ ಎಲೆಗೆ ನೀರು ಚಿಮುಕಿಸಿ, ವಾರಗಟ್ಟಲೆ ರಾಶಿ ಹಾಕಿ, ಬೂಷ್ಟು ಬರಿಸಿ ಮಾಗಿಸುವ ಪುಅರ್ ಇದೆ. ಅದರಲ್ಲಿ ಥಿಯಾಫ್ಲೇವಿನ್ ಹುಡುಕಿದರೆ ಸಿಗುವುದು ತೀರಾ ಕಡಿಮೆ.