ಸಾವಿತ್ರಿ, ಸವಿತಾ, ಸವಿತ್ರಿ: ಒಂದೇ ಬೇರಿನ ಮೂರು ಪದಗಳು

ಹೆಸರಿನ ಅರ್ಥ ಹೇಳುವಾಗ ‘ಸಾವಿತ್ರಿ ಎಂದರೆ ಪತಿವ್ರತೆ’ ಎಂದು ಬರೆಯಬೇಡಿ. ಅದು ಸತ್ಯವಾನನ ಕಥೆಯಿಂದ ಹೆಸರಿಗೆ ಅಂಟಿಕೊಂಡ ಅರ್ಥ. ಪದದ ಒಳಗಿರುವ ಅರ್ಥ ‘ಸವಿತೃ ದೇವತೆಗೆ ಸೇರಿದವಳು’, ಅಷ್ಟೇ.

ಬೇರು ‘ಸೂ’ ಧಾತು: ಪ್ರೇರಿಸು, ಎಬ್ಬಿಸಿ ಕೆಲಸಕ್ಕೆ ಹಚ್ಚು. ಇದಕ್ಕೆ ತೃಚ್ ಪ್ರತ್ಯಯ (‘ಮಾಡುವವನು’ ಎಂಬ ಅರ್ಥದ ‘ತೃ’), ನಡುವೆ ಇಡಾಗಮ, ಅಂದರೆ ‘ಇ’ ಸೇರಿಕೆ. ಊಕಾರಕ್ಕೆ ಗುಣವಾಗಿ ‘ಸೋ’, ಮುಂದೆ ಸ್ವರ ಇರುವುದರಿಂದ ಅದು ‘ಸವ್’. ಸವಿತೃ ಸಿದ್ಧ: ಜಗತ್ತನ್ನು ಎಬ್ಬಿಸುವವನು, ಸೂರ್ಯ. ‘ಸವಿತೃ ಇದರ ದೇವತೆ’ ಎಂಬ ಅರ್ಥದಲ್ಲಿ ಅಣ್ ಪ್ರತ್ಯಯ (‘ಅ’) ಹತ್ತಿದಾಗ ಮೊದಲ ಸ್ವರಕ್ಕೆ ವೃದ್ಧಿ (‘ಸ’ ಹೋಗಿ ‘ಸಾ’), ಕೊನೆಯ ಋಕಾರಕ್ಕೆ ಯಣ್ (‘ಋ’ ಹೋಗಿ ‘ರ್’), ಸಾವಿತ್ರ. ಸ್ತ್ರೀಲಿಂಗದ ಙೀಪ್ ಪ್ರತ್ಯಯ (‘ಈ’) ಸೇರಿ ಸಾವಿತ್ರೀ. ನದೀ ನಮ್ಮಲ್ಲಿ ನದಿಯಾದಂತೆ ಇದೂ ಸಾವಿತ್ರಿಯಾಯಿತು. ವೃದ್ಧಿಯ ಹಂತವನ್ನು ಬಿಟ್ಟರೆ ‘ಸಾ’ ಎಲ್ಲಿಂದ ಬಂತೆಂದು ಹೇಳಲಾಗದು. ಹೆಚ್ಚಿನವರು ಎಡವುವುದು ಇಲ್ಲೇ.

ಸ್ತ್ರೀಲಿಂಗ ಏಕೆ? ಈ ಪದ ಋಗ್ವೇದದ 3.62.10ನೆಯ ಋಕ್ಕಿನ ಹೆಸರೂ ಹೌದು. ‘ಋಕ್’ ಶಬ್ದ ಸ್ತ್ರೀಲಿಂಗ. ನಾವು ಗಾಯತ್ರಿ ಮಂತ್ರ ಎನ್ನುವುದು ಇದನ್ನೇ: ಗಾಯತ್ರಿ ಛಂದಸ್ಸಿನ ಹೆಸರು, ಸಾವಿತ್ರಿ ದೇವತೆಯ ಲೆಕ್ಕದ ಹೆಸರು. ಗಾಯತ್ರಿಗೆ 8 ಅಕ್ಷರದ 3 ಪಾದ, ಒಟ್ಟು 24. ಎಣಿಸಿ ನೋಡಿದರೆ ‘ತತ್ಸವಿತುರ್ವರೇಣ್ಯಂ’ 7ಕ್ಕೇ ನಿಲ್ಲುತ್ತದೆ. ‘ವರೇಣಿಯಂ’ ಎಂದು ಬಿಡಿಸಿದರೆ 8. ಮಹಾಭಾರತದ ವನಪರ್ವದಲ್ಲಿ ಮದ್ರದ ಅರಸ ಅಶ್ವಪತಿ ಸಾವಿತ್ರಿ ಮಂತ್ರದಿಂದಲೇ ಹೋಮ ಮಾಡಿ, ಸಾವಿತ್ರಿ ದೇವಿಯ ವರದಿಂದ ಮಗಳನ್ನು ಪಡೆದು ಅದೇ ಹೆಸರಿಡುತ್ತಾನೆ.

ಸವಿತಾ ಇದರ ಮೊಟಕು ರೂಪವಲ್ಲ. ಪಿತೃ–ಪಿತಾ, ದಾತೃ–ದಾತಾ ಇದ್ದಂತೆ ಸವಿತೃ–ಸವಿತಾ: ಪುಲ್ಲಿಂಗ, ಪ್ರಥಮಾ ಏಕವಚನ, ಸಾಕ್ಷಾತ್ ಸೂರ್ಯನೇ. ಆಕಾರಾಂತವಾದ ಕಾರಣ ಲತಾ, ಗೀತಾಗಳ ಸಾಲಿಗೆ ಸೇರಿ ಹೆಣ್ಣುಮಕ್ಕಳ ಹೆಸರಾಗಿದೆ. ಬಳಕೆಯಲ್ಲಿ ತಪ್ಪೇನಿಲ್ಲ, ಆದರೆ ಸಂಸ್ಕೃತ ವಾಕ್ಯದಲ್ಲಿ ಸೂರ್ಯನಿಗೆ ದ್ವಿತೀಯಾ ವಿಭಕ್ತಿ ‘ಸವಿತಾರಂ’. ‘ಸವಿತಾಂ’ ಎಂದು ಬರೆದರೆ ತಪ್ಪು.

ಮೂರನೆಯದು ಸವಿತ್ರಿ, ದೀರ್ಘವಿಲ್ಲದ ‘ಸ’. ಇಲ್ಲಿ ಅಣ್ ಇಲ್ಲ. ತೃ ಪ್ರತ್ಯಯಾಂತಕ್ಕೆ ನೇರ ಙೀಪ್, ನಮ್ಮ ‘ಕವಯಿತ್ರಿ’ಯಲ್ಲಿ ಆದಂತೆ. ‘ಸೂ’ ಧಾತುವಿಗೆ ‘ಹೆರು’ ಎಂಬ ಅರ್ಥವೂ ಇರುವುದರಿಂದ ಇದರ ಅರ್ಥ ಹೆತ್ತವಳು, ತಾಯಿ.

ಬರೆಯುವಾಗ ಕೈ ತಪ್ಪುವ ಜಾಗ ಇನ್ನೊಂದು. ಸವಿತೃವಿನಲ್ಲಿ ತಕಾರಕ್ಕೆ ವಟ್ರಸುಳಿ. ಸಾವಿತ್ರಿಯಲ್ಲಿ ತಕಾರಕ್ಕೆ ಗುಡಿಸು, ಕೆಳಗೆ ರ ಒತ್ತು. ಋ ಈಗಾಗಲೇ ರಕಾರವಾಗಿರುವುದರಿಂದ ‘ಸಾವಿತೃ’ ಎಂಬ ರೂಪಕ್ಕೆ ದಾರಿಯೇ ಇಲ್ಲ.